"ಇಟ್ಸ್" ಎಂಬ ಕಿರಿಯ ಪದದ ಚರಿತ್ರೆ

ಅವನ, ಅವಳ, ಅದರ ಎಂಬ ಮೂರು ರೂಪಗಳು ಕನ್ನಡಿಗರಾದ ನಮಗೆ ತಾಯ್ನುಡಿಯೊಡನೆಯೇ ಬಂದವು. ಇಂಗ್ಲಿಷಿನಲ್ಲಿಯೂ ಹಿಸ್, ಹರ್, ಇಟ್ಸ್ ಎಂಬ ಮೂರು ಇವೆಯಷ್ಟೆ. ಇವು ಸಮವಯಸ್ಕಗಳೆಂದು ನಾವು ಭಾವಿಸುವುದು ಸಹಜ. ಚರಿತ್ರೆಯಾದರೋ ಬೇರೆ ಮಾತನ್ನು ಹೇಳುತ್ತದೆ.

ಪ್ರಾಚೀನ ಇಂಗ್ಲಿಷಿನಲ್ಲಿ ಪುಲ್ಲಿಂಗಕ್ಕೂ ನಪುಂಸಕಲಿಂಗಕ್ಕೂ ಷಷ್ಠೀವಿಭಕ್ತಿಯ ರೂಪವು "ಹಿಸ್" ಎಂಬುದೊಂದೇ ಆಗಿದ್ದಿತು. ಕಾಲಕ್ರಮದಲ್ಲಿ ನಾಮಪದಗಳ ವ್ಯಾಕರಣಲಿಂಗವು ಅಳಿಯಲಾಗಿ, ಅಚೇತನ ವಸ್ತುವಿಗೆ "ಹಿಸ್" ಎನ್ನುವುದು ಕಿವಿಗೆ ಒಗ್ಗದಾಯಿತು. ಆಗ ಜನರು "ಇಟ್" ಎಂಬುದಕ್ಕೆ ಸಕಾರವನ್ನು ಸೇರಿಸಿ ಹೊಸ ಪದವೊಂದನ್ನು ಮಾಡಿಕೊಂಡರು. 1598ರ ಫ್ಲೋರಿಯೋನ ಇಟಾಲಿಯನ್-ಇಂಗ್ಲಿಷ್ ನಿಘಂಟಿನಲ್ಲಿ ಅದು ದೊರೆಯುತ್ತದೆ. ಆದರೂ 1611ರಲ್ಲಿ ಬೈಬಲನ್ನು ಭಾಷಾಂತರಿಸಿದ ವಿದ್ವಾಂಸರು ಅದನ್ನು ಒಂದೆಡೆಯೂ ಬಳಸಲಿಲ್ಲ. ಉಪ್ಪಿನ ರುಚಿಯನ್ನು ಹೇಳುವಲ್ಲಿಯೂ "ಹಿಸ್" ಎಂದೇ ಬರೆದರು. ಷೇಕ್ಸ್‌ಪಿಯರನ 1623ರ ನಾಟಕಸಂಪುಟದಲ್ಲಿ ಅದು ಬೆರಳೆಣಿಕೆಯಷ್ಟು ಕಡೆ ಮಾತ್ರ ಬರುತ್ತದೆ. ಬೈಬಲಿನ ಯಾಜಕಕಾಂಡದ ಒಂದು ವಾಕ್ಯದಲ್ಲಿ ಬರಿಯ "ಇಟ್" ಎಂದಿದ್ದುದು 1660ರ ಮುದ್ರಣದಲ್ಲಿ "ಇಟ್ಸ್" ಎಂದಾಯಿತು.

ಮಕ್ಕಳು ಈ ಷಷ್ಠೀರೂಪದ ನಡುವೆ ಲೋಪಚಿಹ್ನೆಯನ್ನಿಟ್ಟರೆ ನಾವು ಕೆಂಪು ಶಾಯಿಯ ಗೆರೆಯನ್ನೆಳೆಯುತ್ತೇವೆ. ಹದಿನೆಂಟನೆಯ ಶತಮಾನದಲ್ಲಿ ಸುಶಿಕ್ಷಿತರಾದ ಆಂಗ್ಲರೂ ಅನೇಕರು ಹಾಗೆಯೇ ಬರೆಯುತ್ತಿದ್ದರು.

ಪಂಡಿತರು ಹಿಂಜರಿದ ಪದವನ್ನು ಜನರ ನಾಲಗೆಯು ಉಳಿಸಿತು. ವ್ಯಾಕರಣವು ಆಮೇಲೆ ಅದಕ್ಕೆ ಪೀಠವಿತ್ತಿತು. ತಪ್ಪನ್ನು ತಿದ್ದುವುದನ್ನು ನಾವು ಬಿಡಬೇಕಾಗಿಲ್ಲ. ಆದರೆ ಬರೆದ ಮಗುವನ್ನು ದಡ್ಡನೆನ್ನುವ ಮೊದಲು ಆ ನಿಯಮದ ವಯಸ್ಸೆಷ್ಟೆಂಬುದನ್ನು ನೆನೆಯೋಣ.