ಶಾಫ್ಟ್‌ನಿಂದ ನಿರ್ದೇಶಕ ಮಂಡಳಿಯವರೆಗೆ: ದೊಡ್ಡ ಕಂಪನಿಗಳ ಮೇಲಧಿಕಾರ ಬೆಳೆದ ಬಗೆ

ಕಂಪನಿ ದೊಡ್ಡದಾದಂತೆ ಹಣ ಹಾಕುವವರು ಬೇರೆ, ನಡೆಸುವವರು ಬೇರೆ ಆಗುತ್ತಾರೆ. ನೀರಮಾನ್ವಿ, ಮಾನ್ವಿ, ರಾಯಚೂರು ಸುತ್ತಿನ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಮಿಲ್ಲುಗಳಲ್ಲಿ ಈ ಭೇದ ಅಷ್ಟಾಗಿ ಕಾಣದು. ಬಂಡವಾಳ ಸಾಹುಕಾರರದು, ದರ ಗೊತ್ತುಮಾಡುವವರೂ ಅವರೇ, ನಷ್ಟವೂ ಅವರದೇ. ಅದೇ ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಮಾತು ಬೇರೆ. ಅಲ್ಲಿ ಒಡೆತನ ಬಹುಪಾಲು ಸರ್ಕಾರದ್ದು, ತೀರ್ಮಾನ ನಿರ್ದೇಶಕ ಮಂಡಳಿಯದು, ನಿತ್ಯದ ಹೊಣೆ ಸಂಬಳದ ಅಧಿಕಾರಿಗಳದು. ನಿರ್ಧರಿಸುವವರು ಯಾರು, ತಪ್ಪಿದಾಗ ಉತ್ತರ ಕೊಡುವವರು ಯಾರು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳೇ ಇಂದಿನ ಉನ್ನತ ಹುದ್ದೆಗಳು.

ಸಂಬಳದ ವ್ಯವಸ್ಥಾಪಕರ ಶ್ರೇಣಿ ಮೊದಲು ಗಟ್ಟಿಯಾದದ್ದು ಅಮೆರಿಕದ ರೈಲ್ವೆಗಳಲ್ಲಿ. 1841ರಲ್ಲಿ ಮ್ಯಾಸಚೂಸೆಟ್ಸ್‌ನ ವೆಸ್ಟರ್ನ್ ರೈಲುಮಾರ್ಗದಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದವು. ಯಾವ ವಿಭಾಗಕ್ಕೆ ಯಾರು ಹೊಣೆ, ಯಾರು ಯಾರಿಗೆ ವರದಿ ಕೊಡಬೇಕು ಎಂಬುದನ್ನು ಬರೆದಿಡುವ ಪದ್ಧತಿ ಅದರ ನಂತರ ಬಂತು. 1855ರಲ್ಲಿ ಎರಿ ರೈಲ್ವೆಯ ಡೇನಿಯಲ್ ಮೆಕ್‌ಕ್ಯಾಲಮ್ ಇಡೀ ಸಂಸ್ಥೆಯ ಅಧಿಕಾರ ಶ್ರೇಣಿಯನ್ನು ನಕ್ಷೆಯಾಗಿ ಬರೆಸಿದ.

ರಾಯಚೂರಿನ ನೆಲಕ್ಕೆ ಜಂಟಿ ಬಂಡವಾಳದ ಕಂಪನಿ ಬಂದದ್ದು ನಿಜಾಮರ ಆಳ್ವಿಕೆಯಲ್ಲಿ. ಹೈದರಾಬಾದ್ ಸಂಸ್ಥಾನದ ಖನಿಜಗಳನ್ನು ತೆಗೆಯುವ ಹಕ್ಕು 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿಗೆ ದೊರೆಯಿತು. ನಿಜಾಮ ಸರ್ಕಾರದ ಪರವಾಗಿ ವ್ಯವಹಾರ ಕುದುರಿಸಿದ ಅಬ್ದುಲ್ ಹಕ್ ಆ ಷೇರುಗಳ ವಹಿವಾಟಿನಲ್ಲಿ ಸ್ವಂತ ಲಾಭ ಮಾಡಿಕೊಂಡ ಆರೋಪ ಎದ್ದು, 1888ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಿತು. ಮತ್ತೊಬ್ಬರ ಹಿತ ಕಾಯಬೇಕಾದವರು ತಮ್ಮ ಹಿತ ನೋಡಿಕೊಂಡರೆ ತಡೆಯುವುದು ಹೇಗೆ ಎಂಬ ಪ್ರಶ್ನೆ ಈ ಸೀಮೆಯ ಕಂಪನಿ ಚರಿತ್ರೆಯ ಮೊದಲ ಪುಟದಲ್ಲೇ ಇದೆ.

ಆಗಿನ ಭಾರತದಲ್ಲಿ ದೊಡ್ಡ ಉದ್ಯಮಗಳನ್ನು ನಡೆಸುತ್ತಿದ್ದುದು ಬಹುಮಟ್ಟಿಗೆ ಮ್ಯಾನೇಜಿಂಗ್ ಏಜೆನ್ಸಿಗಳು. ಷೇರುದಾರರು ಒಂದು ಕಡೆ, ನಿರ್ದೇಶಕರು ಹೆಸರಿಗೆ, ನಿಜವಾದ ಆಡಳಿತ ಕಮಿಷನ್ ಪಡೆಯುವ ಮತ್ತೊಂದು ಸಂಸ್ಥೆಯದು. ಕೋಲಾರದ ಗಣಿಗಳನ್ನು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ್ದೂ ಇಂಥದೇ ಹೊರಗಿನ ಆಡಳಿತ. ನುರಿತ ಎಂಜಿನಿಯರುಗಳು ವಿರಳವಾಗಿದ್ದ ಕಾಲದಲ್ಲಿ ಇದರಿಂದ ಅನುಕೂಲವಾಯಿತು. ಆದರೆ ಲೆಕ್ಕ ಕೇಳುವ ದಾರಿ ಉಳಿಯಲಿಲ್ಲ. 1956ರ ಕಂಪನಿ ಕಾಯ್ದೆ ಏಜೆನ್ಸಿಗಳಿಗೆ ಮಿತಿ ಹಾಕಿತು, 1970ರಲ್ಲಿ ಅವು ರದ್ದಾದವು. ಕಂಪನಿಯೊಳಗಿನ ವ್ಯವಸ್ಥಾಪಕ ನಿರ್ದೇಶಕರೇ ಆಡಳಿತದ ಕೇಂದ್ರವಾದರು.

ಹಟ್ಟಿಯ ಈಗಿನ ಕಂಪನಿ 1947ರ ಜುಲೈನಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಕನ್ನಡ ನಾಡಿಗೆ ಸೇರಿದ ಬಳಿಕ ಹಟ್ಟಿ ಚಿನ್ನದ ಗಣಿ ಕಂಪನಿ ಎನಿಸಿತು. ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ, ಎಷ್ಟೋ ಸಲ ಅವರು ಶಾಸಕರೇ ಆಗಿರುತ್ತಾರೆ. ವ್ಯವಸ್ಥಾಪಕ ನಿರ್ದೇಶಕರು ಸಾಮಾನ್ಯವಾಗಿ ಐಎಎಸ್ ಅಧಿಕಾರಿ. ಗಣಿಗಾರಿಕೆ, ಭೂವಿಜ್ಞಾನ, ಲೋಹಶುದ್ಧೀಕರಣ, ಹಣಕಾಸು, ಸಿಬ್ಬಂದಿ ಇವಕ್ಕೆ ಅವರ ಕೆಳಗೆ ಬೇರೆ ಬೇರೆ ಮುಖ್ಯಸ್ಥರು. ದೇವದುರ್ಗ ತಾಲ್ಲೂಕಿನ ಊಟಿ ಗಣಿಯ ಅದಿರು ಹಟ್ಟಿಗೆ ಬಂದು ಚಿನ್ನವಾಗಬೇಕಾದರೆ ಇಷ್ಟೂ ವಿಭಾಗಗಳ ಲೆಕ್ಕ ಒಂದಕ್ಕೊಂದು ತಾಳೆಯಾಗಬೇಕು.

ಗಣಿಯಲ್ಲಿ ಮತ್ತೊಂದು ಅಧಿಕಾರ ಸರಪಳಿಯೂ ಇದೆ. ಕಾನೂನಿನ ಪ್ರಕಾರ ಪ್ರತಿ ಗಣಿಗೂ ನಿಗದಿತ ಅರ್ಹತೆಯುಳ್ಳ ಒಬ್ಬ ಮ್ಯಾನೇಜರ್ ಇರಲೇಬೇಕು. ಗಣಿಯ ನಿರ್ವಹಣೆ, ಮೇಲ್ವಿಚಾರಣೆ, ನಿಯಂತ್ರಣ ಅವರ ಹೊಣೆ. ಅವರ ಕೆಳಗೆ ಸಹಾಯಕ ಮ್ಯಾನೇಜರ್, ಫೋರ್‌ಮನ್, ಮೈನಿಂಗ್ ಮೇಟ್, ಬ್ಲಾಸ್ಟರ್. ಪಾಳಿಯ ಕೊನೆಗೆ ಸಿಡಿಯದೆ ಉಳಿದ ಮದ್ದಿನ ಕುಳಿಯೊಂದು ಇದ್ದರೆ ಬ್ಲಾಸ್ಟರ್ ಅದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿ ಮುಂದಿನ ಪಾಳಿಯವರಿಗೆ ತಿಳಿಸಬೇಕು. ಆ ಸಾಲು ತಪ್ಪಿದರೆ ಮುಂದಿನ ಪಾಳಿಯ ಡ್ರಿಲ್ಲರ್ ಅದೇ ಕುಳಿಯ ಮುಂದೆ ಯಂತ್ರ ಹಿಡಿದು ನಿಲ್ಲುತ್ತಾನೆ. ಮಂಡಳಿಯ ನಡಾವಳಿ ಪುಸ್ತಕಕ್ಕಿಂತ ಈ ಪಾಳಿ ಪುಸ್ತಕ ಕಡಿಮೆಯದೇನಲ್ಲ. ಹೊಣೆ ಎಂಬುದು ಇಷ್ಟು ಸ್ಪಷ್ಟವಾಗಿ ಬರಹಕ್ಕಿಳಿದ ಜಾಗ ಕಂಪನಿ ಜಗತ್ತಿನಲ್ಲಿ ವಿರಳ.

ಮೇಲ್ಮಟ್ಟದಲ್ಲಿ ಅಂಥ ಬಿಗಿ ಬರಲು ದೊಡ್ಡ ಪೆಟ್ಟೇ ಬೀಳಬೇಕಾಯಿತು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು, ಇಲ್ಲದ ನಗದನ್ನು ಲೆಕ್ಕದಲ್ಲಿ ತೋರಿಸಿದ್ದಾಗಿ ಒಪ್ಪಿಕೊಂಡರು. ಆ ಮಂಡಳಿಯಲ್ಲಿ ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದರು. ರಾಜು ಕುಟುಂಬದ ಕಂಪನಿಗಳನ್ನು ಕೊಳ್ಳುವ ಪ್ರಸ್ತಾವಕ್ಕೆ ಹಿಂದಿನ ತಿಂಗಳಷ್ಟೇ ಅವರೂ ಒಪ್ಪಿಗೆ ಕೊಟ್ಟಿದ್ದರು. 2013ರ ಕಂಪನಿ ಕಾಯ್ದೆ ಷೇರುಪೇಟೆಯ ಕಂಪನಿಗಳ ಮಂಡಳಿಯಲ್ಲಿ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರು, ಕನಿಷ್ಠ ಒಬ್ಬ ಮಹಿಳೆ ಇರಬೇಕೆಂದಿತು. ನಿಗದಿತ ಬಂಡವಾಳದ ಕಂಪನಿಗಳಿಗೆ ಮುಖ್ಯ ಕಾರ್ಯನಿರ್ವಾಹಕ ಅಥವಾ ವ್ಯವಸ್ಥಾಪಕ ನಿರ್ದೇಶಕ, ಕಂಪನಿ ಕಾರ್ಯದರ್ಶಿ, ಮುಖ್ಯ ಹಣಕಾಸು ಅಧಿಕಾರಿ ಕಡ್ಡಾಯವಾದರು. ಸರ್ಕಾರಿ ಕಂಪನಿಗಳ ಲೆಕ್ಕ ಪರಿಶೋಧಕರನ್ನು ಮಹಾಲೇಖಪಾಲರು ನೇಮಿಸುತ್ತಾರೆ. ರಾಜ್ಯದ ಕಂಪನಿಗಳ ವಾರ್ಷಿಕ ವರದಿ ವಿಧಾನಮಂಡಲದ ಮುಂದೆ ಬರಬೇಕು.

ಖಾಸಗಿ ವಲಯದಲ್ಲಿ ಈ ನಡುವೆ ಸ್ಥಾಪಕರಿಂದ ವೃತ್ತಿಪರರಿಗೆ ಅಧಿಕಾರ ದಾಟಿತು. 1981ರಲ್ಲಿ ಹುಟ್ಟಿದ ಇನ್ಫೋಸಿಸ್‌ಗೆ ಸ್ಥಾಪಕರಲ್ಲದ ಮೊದಲ ಮುಖ್ಯ ಕಾರ್ಯನಿರ್ವಾಹಕರಾಗಿ ವಿಶಾಲ್ ಸಿಕ್ಕಾ ಬಂದದ್ದು 2014ರಲ್ಲಿ. ಸ್ಥಾಪಕರೊಂದಿಗಿನ ಭಿನ್ನಾಭಿಪ್ರಾಯ ಬೀದಿಗೆ ಬಂದು 2017ರಲ್ಲಿ ಅವರು ಹೊರನಡೆದರು.

ಶಕ್ತಿನಗರದಲ್ಲಿ 1985ರಲ್ಲಿ ಶುರುವಾದ ಸ್ಥಾವರ ಇಂದು 8 ಘಟಕಗಳ, 1,720 ಮೆಗಾವಾಟ್ ಸಾಮರ್ಥ್ಯದ ಕೇಂದ್ರ. ಸ್ಥಳದಲ್ಲಿ ಹಿರಿಯ ಎಂಜಿನಿಯರುಗಳ ಆಡಳಿತ, ಬೆಂಗಳೂರಿನಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಮಂಡಳಿ. ಹಟ್ಟಿಯಂತೆ ಇಲ್ಲಿಯೂ ವ್ಯವಸ್ಥಾಪಕ ನಿರ್ದೇಶಕರ ಅವಧಿ ಸರ್ಕಾರದ ವರ್ಗಾವಣೆ ಆದೇಶಕ್ಕೆ ಕಟ್ಟುಬಿದ್ದಿದೆ. ಗಣಿಗೆ ಇಳಿಯುವ ಹೊಸ ಶಾಫ್ಟ್ ತೋಡಲು ವರ್ಷಗಟ್ಟಲೆ ಬೇಕು. ಘಟಕವೊಂದರ ನವೀಕರಣವೂ ಒಂದೆರಡು ತಿಂಗಳ ಕೆಲಸವಲ್ಲ. ಯೋಜನೆಗೆ ಸಹಿ ಹಾಕಿದವರೇ ಅದರ ಫಲಕ್ಕೂ ಉತ್ತರ ಕೊಡುವಂತಾಗಲು ಈ ಹುದ್ದೆಗೆ ಕನಿಷ್ಠ ಅವಧಿಯೊಂದನ್ನು ಗೊತ್ತುಮಾಡುವುದು ಸರ್ಕಾರ ಮಾಡಬೇಕಾದ ಮೊದಲ ಸುಧಾರಣೆ.