ಬಾಡಿ ಕಿಟ್ ಹಾಕಿಸಿದರೆ ಜೈಲಾ? ಮೈಲೇಜ್ ಹೆಚ್ಚುತ್ತದಾ? ಕಾರವಾರ, ಅಂಕೋಲೆಯ ಕಾರಿಗೆ ನಿಜವಾದ ಅಪಾಯ ಬೇರೆಯೇ ಇದೆ

ಕಾರಿನ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಒಂದರ ಪ್ರಕಾರ, ಸುಪ್ರೀಂ ಕೋರ್ಟ್ ಎಲ್ಲ ಮಾಡಿಫಿಕೇಶನ್ ನಿಷೇಧಿಸಿದೆ, ಸ್ಟಿಕರ್ ಅಂಟಿಸಿದರೂ ಗಾಡಿ ಸೀಜ್. ಇನ್ನೊಂದರ ಪ್ರಕಾರ, ಸ್ಪಾಯ್ಲರ್ ಮತ್ತು ಸೈಡ್ ಸ್ಕರ್ಟ್ ಹಾಕಿಸಿದರೆ ಕಾರು ರಸ್ತೆಗೆ ಅಂಟಿಕೊಂಡು ಓಡುತ್ತದೆ, ಮೈಲೇಜೂ ಹೆಚ್ಚುತ್ತದೆ. ಎರಡೂ ಪೂರ್ತಿ ನಿಜವಲ್ಲ. ಸಮುದ್ರದ ಪಕ್ಕದ ಊರಿನವರಿಗೆ ನಿಜಕ್ಕೂ ಖರ್ಚು ತರುವ ವಿಷಯವನ್ನು ಎರಡೂ ಹೇಳುವುದಿಲ್ಲ. ಕಿಟ್ ಕೂರಿಸಲು ತಗಡಿನಲ್ಲಿ ಕೊರೆದ ತೂತು ಮತ್ತು ಅದರೊಳಗೆ ಇಳಿಯುವ ಉಪ್ಪು ನೀರು ಆ ವಿಷಯ.

ಬಾಡಿ ಕಿಟ್ ಎಂದರೆ ಬಂಪರ್ ಕೆಳಗಿನ ಲಿಪ್, ಬಾಗಿಲುಗಳ ಕೆಳಗಿನ ಸೈಡ್ ಸ್ಕರ್ಟ್, ಹಿಂದಿನ ಡಿಫ್ಯೂಸರ್, ಡಿಕ್ಕಿ ಮೇಲಿನ ಸ್ಪಾಯ್ಲರ್. ಕೆಲವು ಕಿಟ್‌ಗಳಲ್ಲಿ ಇಡೀ ಬಂಪರ್ ಕೂಡ ಬರುತ್ತದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಬದಲಾವಣೆ ಎಂದರೇನು ಎಂದೂ ಅಲ್ಲೇ ವಿವರಣೆ ಇದೆ: ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂಥ ರಚನೆಯ ಮಾರ್ಪಾಡು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ತಯಾರಕರ ಮೂಲ ವಿವರ ಮುಟ್ಟಬಾರದು, ಆರ್‌ಸಿಯ ಉಳಿದ ವಿವರಗಳನ್ನು ನಿಯಮದಂತೆ ಬದಲಿಸಿ ನಮೂದಿಸಿಕೊಳ್ಳಬಹುದು ಎಂದಿತು. ಸ್ಟಿಕರ್ ಹಾಕಿದರೂ ಜೈಲು ಎಂಬ ಮಾತು ಆ ತೀರ್ಪಿನಲ್ಲಿಲ್ಲ.

ಹಾಗಂತ ಶಿಕ್ಷೆಯೇ ಇಲ್ಲವೆಂದಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಬಂಪರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಲಿಪ್ ವಾಹನದ ಮೂಲ ಲಕ್ಷಣ ಬದಲಿಸುತ್ತದೆ ಎಂದು ವಾದಿಸುವುದು ಕಷ್ಟ. ಮಡ್‌ಗಾರ್ಡ್ ಕತ್ತರಿಸಿ ಕಾರಿನ ಅಗಲ ಹೆಚ್ಚಿಸುವ ಕಿಟ್, ನಂಬರ್ ಪ್ಲೇಟ್ ಅಥವಾ ದೀಪ ಮುಚ್ಚುವ ಬಂಪರ್ ಹಾಗಲ್ಲ. ಅನುಮಾನವಿದ್ದರೆ ಹಣ ಕಟ್ಟುವ ಮೊದಲೇ ಕಿಟ್‌ನ ಫೋಟೋ ಹಿಡಿದು ಕಾರವಾರದ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಗೋವಾದಲ್ಲಿ ಹಾಕಿಸಿದರೆ ಪರವಾಗಿಲ್ಲ ಎಂಬ ಮಾತೂ ಇದೆ. ಕಾಯ್ದೆ ಕೇಂದ್ರದ್ದು, ಮಾಜಾಳಿ ಗಡಿ ದಾಟಿದರೆ ಬದಲಾಗುವುದಿಲ್ಲ.

ಗಾಳಿಯ ಲೆಕ್ಕ

ಗಾಳಿ ಕಾರನ್ನು ಒತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 180 ಕಿ.ಮೀ. ವೇಗದಲ್ಲಿ ಸ್ಪಾಯ್ಲರ್ ಎಷ್ಟು ಒತ್ತಡ ಕೊಡುತ್ತದೋ, 60ರಲ್ಲಿ ಅದರ ಒಂಬತ್ತನೇ ಒಂದು ಭಾಗ ಮಾತ್ರ. ರೇಸ್ ಕಾರಿನಲ್ಲಿ ಅದು ಕೆಲಸ ಮಾಡುತ್ತದೆ. ಲಾರಿಗಳ ಹಿಂದೆ ಅರಬೈಲ್ ಘಟ್ಟ ಹತ್ತುವ ಹ್ಯಾಚ್‌ಬ್ಯಾಕ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಸಿಗುವುದು ಕೆಲವು ಕಿಲೋ ಹೆಚ್ಚುವರಿ ತೂಕ. ಆ ಮಾದರಿಗೆಂದೇ ಗಾಳಿಸುರಂಗದಲ್ಲಿ ಪರೀಕ್ಷಿಸದ ತುಂಡು ಗಾಳಿಯ ತಡೆಯನ್ನು ಹೆಚ್ಚಿಸಲೂಬಹುದು. ಚೆಂದಕ್ಕೆ ಹಾಕಿಸಿ, ತಪ್ಪಿಲ್ಲ. ಮೈಲೇಜ್ ಹೆಸರಲ್ಲಿ ಮಾರಿದರೆ ನಂಬಬೇಡಿ.

ಕಬ್ಬಿಣದ ಗಾರ್ಡ್ ಮಾತ್ರ ಬೇಡ

ದನ ಅಡ್ಡ ಬಂದರೂ ಕಾರಿಗೆ ಏನೂ ಆಗದು ಎಂದು ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟಿಸುವವರಿದ್ದಾರೆ. ಇದರಲ್ಲಿ ನಮಗೆ ಎರಡು ಮಾತಿಲ್ಲ, ಬೇಡವೇ ಬೇಡ. ಕಾರಿನ ಮುಂಭಾಗ ಡಿಕ್ಕಿಯ ಪೆಟ್ಟನ್ನು ನುಂಗಲಿಕ್ಕೆಂದೇ ಮಡಚಿಕೊಳ್ಳುವಂತೆ ಮಾಡಿದ್ದು. ಚಾಸಿಗೆ ಬೋಲ್ಟ್ ಮಾಡಿದ ಗಾರ್ಡ್ ಆ ಪೆಟ್ಟನ್ನು ನೇರ ಒಳಗೆ ದಾಟಿಸುತ್ತದೆ, ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಎಂಬ ಲೆಕ್ಕವೂ ತಪ್ಪಬಹುದು. ರಸ್ತೆ ಬದಿ ನಡೆಯುವವರಿಗೆ ತಾಗಿದರಂತೂ ಗಾಯ ಇನ್ನೂ ದೊಡ್ಡದು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇವುಗಳ ವಿರುದ್ಧ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದಿದೆ.

ಇಡೀ ಬಂಪರ್ ಬದಲಿಸುವಾಗಲೂ ಇದೇ ಎಚ್ಚರ ಬೇಕು. ಹೊರಗೆ ಕಾಣುವುದು ಬರೀ ಚರ್ಮ. ಅದರ ಹಿಂದಿನ ಫೋಮ್ ಮತ್ತು ಅಡ್ಡ ಬೀಮ್ ನಿಜವಾದ ರಕ್ಷಣೆ. ಹೊಸ ಬಂಪರ್ ಕೂರುತ್ತಿಲ್ಲ ಎಂದು ಅವನ್ನು ಕತ್ತರಿಸಲು ಹೊರಟರೆ ಕೆಲಸ ಅಲ್ಲೇ ನಿಲ್ಲಿಸಿ. ಹೊಸ ಮಾದರಿಗಳಲ್ಲಿ ಬಂಪರ್ ಅಥವಾ ಗ್ರಿಲ್ ಹಿಂದೆ ರಾಡಾರ್ ಇರುತ್ತದೆ, ಅದರ ಮುಂದೆ ದಪ್ಪ ಪುಟ್ಟಿ, ಪೇಂಟ್ ಬಂದರೆ ಅದಕ್ಕೆ ಸರಿಯಾಗಿ ಕಾಣುವುದಿಲ್ಲ.

ಉಪ್ಪಿನ ಊರಿನ ಕಾರು

1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯವರಿಗೆ ನಾವು ಉಪ್ಪಿನ ಬಗ್ಗೆ ಹೇಳಲು ಹೊರಟಿದ್ದು ಸ್ವಲ್ಪ ಅತಿಯೇ. ಆದರೂ ಕೇಳಿ. ಕಾರಿನ ತಗಡನ್ನು ತುಕ್ಕಿನಿಂದ ಕಾಯುವುದು ಅದರ ಮೇಲಿನ ಸತು ಮತ್ತು ಪೇಂಟ್‌ನ ತೆಳು ಪದರ. ಡ್ರಿಲ್ ಇಟ್ಟ ಕೂಡಲೇ ತೂತಿನ ಅಂಚಿನಲ್ಲಿ ಬರೀ ಉಕ್ಕು ತೆರೆದುಕೊಳ್ಳುತ್ತದೆ. ಕಾರವಾರದ ಗಾಳಿಯಲ್ಲಿರುವ ಉಪ್ಪಿನ ಕಣ ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ. ಉಪ್ಪು ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ತುಕ್ಕಿನ ಕ್ರಿಯೆ ಜೋರಾಗುತ್ತದೆ. ಹೊರಗಿನಿಂದ ಸ್ಕರ್ಟ್ ಹೊಳೆಯುತ್ತಿರುತ್ತದೆ, ಒಳಗೆ ತಗಡು ಪದರ ಬಿಡುತ್ತಿರುತ್ತದೆ.

ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಸಾಕಲ್ಲ ಎನ್ನುತ್ತಾರೆ. ಸ್ಕ್ರೂಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಎರಡು ಬೇರೆ ಲೋಹಗಳು ಉಪ್ಪು ನೀರಿನಲ್ಲಿ ತಾಗಿಕೊಂಡಿದ್ದರೆ ಅದೊಂದು ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತದೆ, ಸವೆಯುವುದು ಪಕ್ಕದ ಸಾದಾ ಉಕ್ಕು. ಹಾಗಾಗಿ ಪ್ಲಾಸ್ಟಿಕ್ ಕ್ಲಿಪ್ ಅಥವಾ ನೈಲಾನ್ ವಾಷರ್ ಇರಲಿ. ಕೊರೆಯಲೇಬೇಕಾದರೆ ತೂತಿನ ಅಂಚಿಗೆ ಸತುವಿರುವ ಪ್ರೈಮರ್, ಮೇಲೆ ಪೇಂಟ್, ಒಣಗಿದ ಮೇಲೆ ಸೀಲೆಂಟ್. ತೂತಿಲ್ಲದೆ, ಕಂಪನಿ ಕೊಟ್ಟ ಜಾಗಗಳಲ್ಲೇ ಸಿಕ್ಕಿಸುವ ಕಿಟ್ ಸಿಕ್ಕರೆ ಹೆಚ್ಚು ದುಡ್ಡಾದರೂ ಅದನ್ನೇ ತೆಗೆದುಕೊಳ್ಳಿ.

ಇನ್ನೊಂದು ಸಂಗತಿ ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ. ಬಾಗಿಲ ಅಡಿಯಲ್ಲಿ ಮತ್ತು ಅದರ ಕೆಳಗಿನ ಪಟ್ಟಿಯಲ್ಲಿ ನೀರು ಇಳಿದು ಹೋಗಲು ಸಣ್ಣ ಕಂಡಿಗಳಿರುತ್ತವೆ. ಸೈಡ್ ಸ್ಕರ್ಟ್ ಅಥವಾ ಅದರ ಸೀಲೆಂಟ್ ಇವನ್ನು ಮುಚ್ಚಿದರೆ ಮಳೆಗಾಲವಿಡೀ ನೀರು ಒಳಗೇ ನಿಲ್ಲುತ್ತದೆ. ಕೂರಿಸುವ ಮೊದಲು ಆ ಕಂಡಿಗಳ ಮತ್ತು ಜಾಕ್ ಇಡುವ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ. ಕೆಲಸವಾದ ಮೇಲೆ ಬಾಗಿಲ ಕೆಳಗೆ ಒಂದು ತಂಬಿಗೆ ನೀರು ಬಿಟ್ಟು, ಹೊರಬರುತ್ತದೆಯೇ ನೋಡಿ. ಬೀಚಿಗೆ ಹೋಗಿ ಬಂದಾಗಲೂ ಸ್ಕರ್ಟ್‌ನ ಹಿಂಬದಿಗೆ ಸಿಹಿನೀರು ಹಾಯಿಸಿ.

ಯಾವ ಸಾಮಗ್ರಿ?

ಅಗ್ಗದ ಕಿಟ್‌ಗಳು ಸಾಮಾನ್ಯವಾಗಿ ಫೈಬರ್. ನಮ್ಮ ಮೀನುಗಾರಿಕೆ ದೋಣಿಗಳಿಗೆ ಬಳಸುವ ಅದೇ ಗಾಜಿನ ನಾರು ಮತ್ತು ರೆಸಿನ್. ತುಕ್ಕಿಲ್ಲ, ಒಡೆದರೆ ಮತ್ತೆ ಮ್ಯಾಟ್ ಹಾಕಿ ಜೋಡಿಸಬಹುದು. ಆದರೆ ದೋಣಿಯ ದಪ್ಪ ಇದಕ್ಕಿಲ್ಲ, ಹಂಪ್‌ಗೆ ತಾಗಿದರೆ ಸೀಳುತ್ತದೆ. ಎಬಿಎಸ್ ಪ್ಲಾಸ್ಟಿಕ್ ಅದಕ್ಕಿಂತ ಬಾಗುತ್ತದೆ. ಕಂಪನಿಯ ಬಂಪರ್‌ಗಳಲ್ಲಿ ಹೆಚ್ಚಾಗಿರುವ ಪಾಲಿಪ್ರೊಪಿಲೀನ್ ಪೆಟ್ಟಿಗೆ ಇನ್ನೂ ಒಳ್ಳೆಯದು, ಆದರೆ ಅದಕ್ಕೆ ಪೇಂಟ್ ಸುಲಭಕ್ಕೆ ಹಿಡಿಯುವುದಿಲ್ಲ. ಮುಂದಿನ ಲಿಪ್ ಬಾಗುವ ಪ್ಲಾಸ್ಟಿಕ್‌ನದ್ದಿರಲಿ, ಸ್ಪಾಯ್ಲರ್ ಫೈಬರ್ ಆದರೂ ನಡೆಯುತ್ತದೆ.

ಎತ್ತರವನ್ನು ಅಳೆದೇ ಕೊಳ್ಳಿ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಊರೊಳಗಿನ ಹಂಪ್‌ಗಳು ಆ ಪುಸ್ತಕ ಓದಿ ಹುಟ್ಟಿದವಲ್ಲ. ಮನೆ ಹತ್ತಿರದ ಅತಿ ಕೆಟ್ಟ ಹಂಪ್‌ನಲ್ಲಿ, ಮನೆಮಂದಿಯೆಲ್ಲ ಕೂತಿರುವಾಗ ಬಂಪರ್ ಕೆಳಗೆ ಎಷ್ಟು ಜಾಗ ಉಳಿಯುತ್ತದೆ ನೋಡಿ, ಲಿಪ್‌ನ ಇಳಿತವನ್ನು ಅದರಿಂದ ಕಳೆಯಿರಿ.

ಕೂರಿಸುವಾಗ

ಪೇಂಟ್ ಮಾಡದ ಕಿಟ್ ತರಿಸಿ, ಮೊದಲು ಒಣದಾಗಿ ಹಿಡಿದು ನೋಡಿ. ಸಂದು ಸರಿಯಿಲ್ಲದಿದ್ದರೆ ವಾಪಸ್ ಕಳಿಸಬಹುದು, ಪೇಂಟ್ ಆದ ಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ. ಡಬಲ್ ಸೈಡ್ ಟೇಪಿನಲ್ಲಿ ಕೂರಿಸುವುದಾದರೆ ಮಳೆಗಾಲ ಬಿಟ್ಟು ಡಿಸೆಂಬರ್ ಹೊತ್ತಿಗೆ ಮಾಡಿಸಿ. ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಗಟ್ಟಿಯಾಗಿ ಒತ್ತಬೇಕು. ಒಳ್ಳೆಯ ಅಕ್ರಿಲಿಕ್ ಟೇಪ್ ಪೂರ್ತಿ ಹಿಡಿಯಲು ಸುಮಾರು 72 ಗಂಟೆ ಬೇಕು, ಅಷ್ಟು ದಿನ ವಾಷಿಂಗ್ ಬೇಡ.

ವಿಮೆ ಕಂಪನಿಗೂ ತಿಳಿಸಿ. ಕಿಟ್ ವಿದ್ಯುತ್ತಿಲ್ಲದ ಆಕ್ಸೆಸರಿ ಎಂದು ಪಾಲಿಸಿಯಲ್ಲಿ ಸೇರಿರದಿದ್ದರೆ ಅದಕ್ಕೆ ಪರಿಹಾರ ಕೇಳುವುದು ಕಷ್ಟ. ಸೇರಿದ್ದರೂ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಶೇ 50, ಫೈಬರ್ ಭಾಗಕ್ಕೆ ಶೇ 30 ಸವಕಳಿ ಕಳೆಯುತ್ತಾರೆ. ಬಿಲ್ ಜೋಪಾನವಾಗಿರಲಿ. ಬಿಚ್ಚಿದ ಹಳೆಯ ಬಂಪರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಅಟ್ಟದ ಮೇಲಿಡಿ. ಆರ್‌ಟಿಒ ಮೊದಲಿನಂತೆ ಮಾಡಿಸಿ ಎಂದರೆ ಅದೇ ಬೇಕಾಗುತ್ತದೆ.