ಬಾಡಿಗೆದಾರರಿಗೆ ಕಿರುಕುಳ

ಬಾಡಿಗೆದಾರರಿಗೆ ಕಿರುಕುಳ ಎಂದರೆ ಬಾಡಿಗೆ ಮನೆಯಲ್ಲಿ ವಾಸಿಸುವವರನ್ನು ನ್ಯಾಯಾಲಯದ ಆದೇಶವಿಲ್ಲದೆ ಹೊರಹಾಕಲು ಅಥವಾ ಹೆಚ್ಚಿನ ಬಾಡಿಗೆಗೆ ಒಪ್ಪಿಸಲು ಮಾಲೀಕರು, ಇಲ್ಲವೆ ಅವರ ಪರವಾಗಿ ಬೇರೆಯವರು ಕೊಡುವ ತೊಂದರೆ. ನೀರು ಹಾಗೂ ವಿದ್ಯುತ್ ನಿಲ್ಲಿಸುವುದು, ಬೀಗ ಬದಲಾಯಿಸುವುದು, ಸಾಮಾನುಗಳನ್ನು ಬೀದಿಗೆ ಹಾಕುವುದು, ಹೊತ್ತಲ್ಲದ ಹೊತ್ತಿನಲ್ಲಿ ಒಳನುಗ್ಗುವುದು, ಬೆದರಿಕೆ ಹಾಕುವುದು ಇದರ ಸಾಮಾನ್ಯ ರೂಪಗಳು.

ಹಿನ್ನೆಲೆ

ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು ತಾಲ್ಲೂಕಿನಲ್ಲಿ ಕಬ್ಬಿಣದ ಅದಿರಿನ ಗಣಿಗಳೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಇವೆ. ಇಂತಹ ಊರುಗಳಿಗೆ ಕೆಲಸಕ್ಕಾಗಿ ಬಂದವರಿಗೆ ಬಾಡಿಗೆ ಕೋಣೆಯೇ ಮನೆ. ಕರಾರು ಬಾಯಿಮಾತಿನದಾಗಿ, ಮುಂಗಡ ಹಣಕ್ಕೆ ರಸೀದಿ ಇಲ್ಲದಿದ್ದಾಗ, ಭಾಷೆ ಬಾರದ ಹೊರರಾಜ್ಯದ ಕಾರ್ಮಿಕರ ಸ್ಥಿತಿ ಇನ್ನಷ್ಟು ದುರ್ಬಲವಾಗುತ್ತದೆ.

ಕಾನೂನು

ಕರ್ನಾಟಕ ಬಾಡಿಗೆ ಅಧಿನಿಯಮ, 1999 ಕಡಿಮೆ ಬಾಡಿಗೆಯ ಕಟ್ಟಡಗಳಿಗೆ ಮಾತ್ರ ಅನ್ವಯಿಸುತ್ತದೆ. ತಿಂಗಳ ಬಾಡಿಗೆಯ ಮಿತಿ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ. ಇಂದಿನ ಬೆಲೆಗಳಲ್ಲಿ ಈ ಮಿತಿಯೊಳಗೆ ಬರುವ ಮನೆಗಳು ವಿರಳ. ಉಳಿದವುಗಳಿಗೆ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಅನ್ವಯಿಸುತ್ತದೆ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು ತೆರವು ಮಾಡಿಸಲು ಅದರ 106ನೆಯ ಕಲಮಿನಂತೆ 15 ದಿನಗಳ ನೋಟಿಸು ಬೇಕು. ನೋಟಿಸಿನ ಅವಧಿ ಮುಗಿದರೂ ಬಾಡಿಗೆದಾರನು ಹೊರಡದಿದ್ದರೆ ಮಾಲೀಕನು ದಾವೆ ಹೂಡಬೇಕೇ ಹೊರತು ಬೀಗ ಜಡಿಯುವಂತಿಲ್ಲ. ಬಾಡಿಗೆ ಬಾಕಿ ಇದ್ದರೂ ಇದೇ ನಿಯಮ. ದಾವೆಗಳು ವರ್ಷಗಟ್ಟಲೆ ನಡೆಯುವುದರಿಂದ ಮಾಲೀಕರು ಅಡ್ಡದಾರಿ ಹಿಡಿಯುವುದುಂಟು. ಅದು ಅರ್ಥವಾಗುವಂಥದ್ದೇ ಆದರೂ ಕಾನೂನುಸಮ್ಮತವಲ್ಲ.

ಬಲವಂತದಿಂದ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಇಲ್ಲಿ ಒಡೆತನ ಯಾರದೆಂಬ ಪ್ರಶ್ನೆ ಏಳುವುದಿಲ್ಲ. ಆದರೆ ಸರ್ಕಾರದ ವಿರುದ್ಧ ಈ ಕಲಮು ಒದಗುವುದಿಲ್ಲ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಿದ್ದು ಸ್ಮಾರಕ ರಕ್ಷಣೆಯ ಹೆಸರಿನಲ್ಲಿ ಆಡಳಿತ ಕೈಗೊಂಡ ಕ್ರಮ. ಮಾಲೀಕ-ಬಾಡಿಗೆದಾರ ವ್ಯಾಜ್ಯದೊಂದಿಗೆ ಅದನ್ನು ಬೆರೆಸಬಾರದು.

ವಿದ್ಯುತ್ ಮೂಲಭೂತ ಸೌಕರ್ಯವೆಂದೂ, ಮಾಲೀಕನು ಒಪ್ಪಿಗೆ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸಲಾಗದೆಂದೂ ಸರ್ವೋಚ್ಚ ನ್ಯಾಯಾಲಯವು 2022ರ ದಿಲೀಪ್ ವಿರುದ್ಧ ಸತೀಶ್ ಪ್ರಕರಣದಲ್ಲಿ ಹೇಳಿದೆ.

ಮುನ್ನೆಚ್ಚರಿಕೆ

ಕರಾರನ್ನು ಬರಹದಲ್ಲಿ ಮಾಡಿಕೊಳ್ಳುವುದು ಮೊದಲ ರಕ್ಷಣೆ. ಒಂದು ವರ್ಷಕ್ಕೆ ಮೀರಿದ ಕರಾರನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಭೋಗ್ಯಕ್ಕೆ ಹಾಕಿಕೊಂಡ ಮನೆಗಳಲ್ಲಿ ಒಮ್ಮೆಗೇ ಲಕ್ಷಗಟ್ಟಲೆ ಹಣ ಕೊಡುವುದರಿಂದ ಇದು ಇನ್ನೂ ಮುಖ್ಯ. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ಮೊದಲೇ ವಿಚಾರಿಸಬೇಕು. ಬಾಡಿಗೆಯನ್ನು ಬ್ಯಾಂಕಿನ ಮೂಲಕ ಪಾವತಿಸಿದರೆ ದಾಖಲೆ ತಾನಾಗಿಯೇ ಉಳಿಯುತ್ತದೆ.

ದೂರು ಮತ್ತು ನೆರವು

ತೊಂದರೆ ಆರಂಭವಾದಾಗ ದಿನಾಂಕಸಹಿತ ಟಿಪ್ಪಣಿ, ಛಾಯಾಚಿತ್ರ, ಸಂದೇಶಗಳನ್ನು ಉಳಿಸಿಕೊಂಡು ಮಾಲೀಕರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆಯುವುದು ವಾಡಿಕೆ. ತೆರವಿನ ಭಯವಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೋರಬಹುದು. ಬೆದರಿಕೆ, ಅತಿಕ್ರಮ ಪ್ರವೇಶ, ಅಕ್ರಮ ತಡೆ ಇವು ಭಾರತೀಯ ನ್ಯಾಯ ಸಂಹಿತೆ, 2023ರಡಿ ಅಪರಾಧಗಳು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ಬಾಡಿಗೆ ವಿವಾದ ಸಿವಿಲ್ ವಿಷಯವೆಂದು ಠಾಣೆಯಲ್ಲಿ ಹೇಳಿ ಕಳುಹಿಸುವುದುಂಟು. ಆಗ ಬೆದರಿಕೆ ಅಥವಾ ಹಲ್ಲೆಯ ಸಂಗತಿಯನ್ನು ಪ್ರತ್ಯೇಕವಾಗಿ ಬರೆದುಕೊಡಬೇಕು.

ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೂ, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಗೂ ಸೇರಿರುವುದರಿಂದ ದಾವೆ ಹೂಡುವಾಗ ಮನೆ ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆ ಎಂದು ನೋಡಿಕೊಳ್ಳಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.